ದಾಸವಾಳದ ಕಮೆಂಟು

ನನ್ನ ಬಾಯಿ ಜೋರು ಎಂಬುದರಲ್ಲಿ ನಮ್ಮ ಮನೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಇರುವುದು ಇಳಕಲ್ಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಈ ಬಾಯಿಗೆ ಕೆಲಸವೇ ಇರುತ್ತಿರಲಿಲ್ಲ. ಆಮೇಲೆ ಮೊಬೈಲು ಬಂತು. ಕಿಟಕಿ ಪಕ್ಕ ಕೂತು, ಯಾರಿಗೂ ಕೇಳಿಸದ ಹಾಗೆ, ಬೆರಳಿನಲ್ಲೇ ಜಗಳ ಆಡಬಹುದು ಅಂತ ಗೊತ್ತಾಯಿತು.

ನಮ್ಮ ಭಾಗದ ಸುದ್ದಿಗೆಂದು ಒಂದು ಆನ್‌ಲೈನ್ ಪುಟವಿದೆ. ಫ್ಲೆಕ್ಸ್ ಬ್ಯಾನರ್ ಅಂಗಡಿಯವನೊಬ್ಬ ಅದನ್ನು ನಡೆಸುತ್ತಾನೆ. ಬೆಳಿಗ್ಗೆ ರಾಶಿಫಲ, ಮಧ್ಯಾಹ್ನ ಉಳ್ಳಾಗಡ್ಡಿ ಧಾರಣೆ, ಸಂಜೆ ಯಾವುದಾದರೂ ಮುಖಂಡರ ಹುಟ್ಟುಹಬ್ಬ. ಕೆಳಗೆ ಕಮೆಂಟುಗಳು. ಮೊಬೈಲ್ ಟವರಿನಿಂದ ಗುಬ್ಬಿಗಳಿಗೆ ತಲೆ ತಿರುಗುತ್ತದೆ ಎನ್ನುವವರು, ಮರೋಳದ ಕಡೆ ಹನಿ ನೀರಾವರಿಯ ಕೊಳವೆ ನೀರು ಕುಡಿದ ಜೋಳಕ್ಕೆ ಸತ್ವವಿಲ್ಲ ಎನ್ನುವವರು, ತಮ್ಮ ಪಕ್ಷ ಸೋತಾಗ ಮಾತ್ರ ಮತಯಂತ್ರ ಕೆಟ್ಟಿರುತ್ತದೆ ಎನ್ನುವವರು. ಲಸಿಕೆ ಹಾಕಿಸಿಕೊಂಡವರ ಮೈಗೆ ಚಮಚ ಅಂಟುತ್ತದೆ ಎಂದು ಒಬ್ಬ ಬರೆದಾಗ, ಬೆವರಿದ ಹಣೆಗೆ ಯಾವ ಲಸಿಕೆ ಇಲ್ಲದೆಯೂ ಚಮಚ ಅಂಟುತ್ತದೆ ಎಂದು ನಾನೇ ಅಂಟಿಸಿಕೊಂಡು ಫೋಟೋ ಹಾಕಿದೆ. ನಿಮ್ಮ ತಲೆಯೊಳಗೆ ಏನೂ ಇಲ್ಲ ಮೇಡಂ, ಅದಕ್ಕೇ ಎಳೆದುಕೊಂಡಿದೆ ಎಂದು ಅವನು ಬರೆದ. ಅದಕ್ಕೆ ಬಿದ್ದ ಲೈಕುಗಳು ನನ್ನ ಫೋಟೋಕ್ಕೆ ಬೀಳಲಿಲ್ಲ.

ಮಾತು ಗುಬ್ಬಿಯದಿರಲಿ, ಜೋಳದ್ದಿರಲಿ, ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಬಂದು ‘ನಿಮಗ ಯಾವ ಪಕ್ಷದವ್ರು ರೊಕ್ಕ ಕೊಡ್ತಾರ?’ ಎಂದು ಕೇಳಿಯೇ ತೀರುತ್ತಿದ್ದರು. ಎರಡೂ ಪಕ್ಷದವರು ಬೇರೆ ಬೇರೆ ದಿನ ಇದೇ ಪ್ರಶ್ನೆ ಕೇಳಿದ್ದಾರೆ. ನನ್ನ ಗಂಡ ಒಮ್ಮೆ, “ನೀ ಉತ್ತರಾ ಕೊಡಲಿಲ್ಲಂದ್ರ ಬಸ್ಸೇನ್ ನಿಂದರೂದಿಲ್ಲ” ಎಂದರು. ನನಗೆ ಮಾತ್ರ ನಿಂತುಬಿಡುತ್ತದೆ ಎಂದೇ ಅನಿಸುತ್ತಿತ್ತು. ತಪ್ಪು ಬರೆದದ್ದನ್ನು ನೋಡಿ ಸುಮ್ಮನಿರುವುದು ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತವಳ ಕೈಲಿ ಆಗುವ ಮಾತಲ್ಲ.

ಆ ವರ್ಷ ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬಂತು, ಅದೂ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ. ಪುಟದಲ್ಲಿ ಮಾಡಬಾರದ್ದರ ಪಟ್ಟಿ ಶುರುವಾಯಿತು. ಬಾದಾಮಿ ಕಡೆಯ ಹಿರಿಯರೊಬ್ಬರಿದ್ದರು, ಯಾವತ್ತೂ ಬಯ್ಯದವರು, ಏನು ಬರೆದರೂ ಕೊನೆಗೆ ‘ವಂದನೆಗಳು’ ಅಂತ ಹಾಕಿ ಎರಡು ಕೈ ಜೋಡಿಸುವವರು. ಅವರು ಬರೆದರು: ಬಸುರಿಯರು ಗ್ರಹಣದಲ್ಲಿ ಹೊರಗೆ ಬರಬಾರದು, ಈಳಿಗೆ, ಚಾಕು ಮುಟ್ಟಬಾರದು. ಮುಟ್ಟಿದರೆ ಕೂಸಿನ ತುಟಿ ಸೀಳುತ್ತದೆ. ವಂದನೆಗಳು.

ನಾನು ಅದರ ಕೆಳಗೇ ಉತ್ತರ ಬರೆದೆ. ಹೊಟ್ಟೆಯಲ್ಲಿ ಕೂಸಿನ ತುಟಿಯ ಎರಡು ಬದಿ ಬಂದು ಕೂಡುವುದು ಎರಡನೇ ತಿಂಗಳು ಮುಗಿಯುವುದರೊಳಗೆ. ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ. ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಬಸುರಿನ ಸುದ್ದಿ ಪಕ್ಕದ ಮನೆಗೂ ಹೋಗಿರುವುದಿಲ್ಲ. ಆಮೇಲೆ ಎಷ್ಟು ಗ್ರಹಣ ಹಿಡಿದರೂ, ಎಷ್ಟು ಬದನೆಕಾಯಿ ಹೆಚ್ಚಿದರೂ ಕೂಡಿದ ತುಟಿ ಬಿಚ್ಚುವುದಿಲ್ಲ.

‘ಮೇಡಂ, ತಮ್ಮ ಮನೆಯ ಬಸುರಿಯನ್ನು ಹೊರಗೆ ಕೂಡಿಸುತ್ತೀರಾ? ವಂದನೆಗಳು.’

‘ಕೂಡಿಸ್ತೇನಿ. ಬಂದು ನೋಡ್ರಿ.’

ಬರೆಯುವಾಗ ನನ್ನ ತಮ್ಮನ ಹೆಂಡತಿ ಮನಸ್ಸಿನಲ್ಲಿದ್ದಳು. ಅವಳಿಗೆ ಆಗ ಏಳು ತಿಂಗಳು. ತಮ್ಮ ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಹಬ್ಬಕ್ಕೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ನನಗೆ ಮಕ್ಕಳಿಲ್ಲ. ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಹೀಗಾಗಿ ಅವನ ಕೂಸಿನ ಮೇಲೆ ನನಗೆ ಆಗಲೇ ಒಂದು ಹಕ್ಕು ಇತ್ತು. ನಮ್ಮಲ್ಲಿ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳಿ ಮುಗಿಸಿದ ಕೂಡಲೇ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ವಾರಗೆಯವರೆಲ್ಲ ಆ ಗುದ್ದು ತಿಂದು, ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದವರು. ನನಗೆ ಇರುವವನು ಒಬ್ಬನೇ ತಮ್ಮ. ಆ ಗುದ್ದಿಗಾಗಿ ನಾನು ಕಾದಿದ್ದೆ.

ಗ್ರಹಣದ ಸಂಜೆ ಹಿತ್ತಲಲ್ಲಿ ಬೇವಿನ ಗಿಡದ ಎಲೆಗಳ ಸಂದಿಯಿಂದ ಬಿಸಿಲು ಗೋಡೆಗೆ ಬಿದ್ದಿತ್ತು. ಗೋಡೆ ತುಂಬ ಸಣ್ಣ ಸಣ್ಣ ಸೂರ್ಯರು, ಪ್ರತಿಯೊಂದೂ ಯಾರೋ ಒಂದು ತುತ್ತು ಮುರಿದುಕೊಂಡ ರೊಟ್ಟಿಯ ಹಾಗೆ. ಒಳಗಿನಿಂದ ತಮ್ಮನ ಹೆಂಡತಿ ಇಣುಕಿದಳು.

“ಅಕ್ಕಾರ, ನಾನೂ ನೋಡ್ಲ್ಯಾ?”

“ಬಾ, ಆಕಾಶದ ಕಡೆ ಮಾತ್ರ ನೋಡಬ್ಯಾಡ. ಗ್ವಾಡಿ ನೋಡು.”

ಕುರ್ಚಿ ಹಾಕಿಕೊಟ್ಟೆ. ಅವಳಿಗೆ ಸವತೆಕಾಯಿ ತಿನ್ನುವ ಆಸೆಯಾಯಿತು. ತಾನೇ ಈಳಿಗೆ ತಂದು ಹೆಚ್ಚಿ, ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಾ ಗೋಡೆ ನೋಡಿದಳು. “ಎಷ್ಟ್ ಚಂದ ಅದಾವ್ರಿ ಅಕ್ಕಾರ, ನಮ್ಮವ್ವ ಸುಮ್ಮ ಹೆದರಿಸ್ತಾಳ” ಎಂದು ನಕ್ಕಳು. ಒಂದೊಂದು ಹೋಳು ನನಗೂ, ಪಕ್ಕದಲ್ಲಿ ಕೂತಿದ್ದ ತಮ್ಮನಿಗೂ ಕೊಟ್ಟಳು. ನನ್ನ ಗಂಡ ಮಾತ್ರ, ವಿಜ್ಞಾನದ ಹೆಂಡತಿಯ ಜೊತೆ ಇಷ್ಟು ವರ್ಷ ಕಳೆದರೂ, ಗ್ರಹಣ ಬಿಡುವವರೆಗೆ ಚಹಾ ಮುಟ್ಟಲಿಲ್ಲ. ನಾನು ಮೊಬೈಲ್ ತೆಗೆದು ಬಾದಾಮಿಯವರಿಗೆ ‘ಕೂತಾಳ, ಆರಾಮ ಅದಾಳ’ ಎಂದು ಬರೆದೆ. ಅವರು ಕೈ ಜೋಡಿಸಿದರು.

ಹೆರಿಗೆ ಬಾಗಲಕೋಟೆಯಲ್ಲಾಯಿತು. ಹೆಣ್ಣು. ಮೇಲ್ದುಟಿ ಎಡಕ್ಕೆ ಮೂಗಿನವರೆಗೆ ಸೀಳಿತ್ತು.

ದವಾಖಾನೆಯ ವರಾಂಡದಲ್ಲಿ ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: ಇದಕ್ಕೆ ಕಾರಣಗಳು ಹಲವು, ಇಂಥದ್ದೇ ಎಂದು ನಾವು ಹೇಳಲಾರೆವು, ಆಪರೇಷನ್ ಮಾಡಿದರೆ ಸರಿಹೋಗುತ್ತದೆ. ಕೆರೂರಿನಿಂದ ಬಂದಿದ್ದ ತಮ್ಮನ ಅತ್ತೆ, ಅಂದರೆ ನಮ್ಮ ಬೀಗತಿ, ಡಾಕ್ಟರ ಮಾತು ಕೇಳುತ್ತ ನನ್ನನ್ನು ನೋಡುತ್ತಿದ್ದರು. ಆಗಲೇ ನನಗೆ ತಿಳಿಯಿತು. ನನ್ನ ವಿಜ್ಞಾನದ ಬಳಿ ಹೇಳಲು ಒಂದು ಕಾರಣ ಇರಲಿಲ್ಲ. ಅವರ ಬಳಿ ಇತ್ತು, ಅದು ಎದುರಿಗೇ ನಿಂತಿತ್ತು, ಕೈಯಲ್ಲಿ ಕೂಸಿನ ಟೊಪ್ಪಿಗೆ ಹಿಡಿದುಕೊಂಡು.

ಮನೆಗೆ ಬಂದು ನಾನು ಬೆರಳು ಮಡಚಿ ತಿಂಗಳು ಎಣಿಸಿದೆ. ಗ್ರಹಣಕ್ಕೆ ಏಳು ತಿಂಗಳು, ತುಟಿ ಕೂಡಬೇಕಾದದ್ದು ಎರಡರೊಳಗೆ. ಅನುಮಾನಕ್ಕೆ ಜಾಗವೇ ಇಲ್ಲ. ಆದರೂ ಮತ್ತೊಮ್ಮೆ ಎಣಿಸಿದೆ. ಎಣಿಸಿದ್ದಕ್ಕೆ ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಬಾಣಂತಿ, ಕೂಸು ಕೆರೂರಿಗೆ ಹೋದರು. ಆಪರೇಷನ್ ಆಗುವವರೆಗೆ ಯಾರಿಗೂ ತೋರಿಸುವುದು ಬೇಡ, ತೊಟ್ಟಿಲೂ ಬೇಡ ಎಂದು ಅಲ್ಲಿ ನಿಶ್ಚಯವಾಯಿತು. ಈ ‘ಯಾರಿಗೂ’ ಎಂಬುದರಲ್ಲಿ ನಾನೂ ಸೇರಿದ್ದೇನೆ ಎಂದು ತಮ್ಮ ಫೋನಿನಲ್ಲಿ ಸುತ್ತಿಬಳಸಿ ಹೇಳಿದ.

ಅದೇ ದಿನಗಳಲ್ಲಿ ಒಂದು ಮುಂಜಾನೆ ಬಸ್ಸಿನಲ್ಲಿ ಕೂತಿದ್ದಾಗ ದೀಪಾವಳಿಯ ಆ ಹಳೆಯ ಜಗಳ ಮತ್ತೆ ಮೇಲೆ ಎದ್ದು ಬಂತು. ಆನ್‌ಲೈನ್ ಜಗಳಗಳು ಸಾಯುವುದಿಲ್ಲ, ಯಾರಾದರೂ ಹೊಸದಾಗಿ ಒಂದು ಸಾಲು ಬರೆದರೆ ಸಾಕು. ಬರೆದವರಿಗೆ ಹೆಸರಿರಲಿಲ್ಲ, ಮುಖದ ಜಾಗದಲ್ಲಿ ಒಂದು ಕೆಂಪು ದಾಸವಾಳ ಇತ್ತು. ‘ಈ ಮೇಡಂ ತಮ್ಮ ಮನಿ ಬಸುರಿನ್ನ ಗ್ರಹಣದಾಗ ಹಿತ್ತಲದಾಗ ಕುಂಡ್ರಿಸಿ ಈಳಿಗಿ ಕೊಟ್ಟು ಸವತಿಕಾಯಿ ಹೆಚ್ಚಿಸ್ಯಾರ. ಈಗ ಹೆಣ್ಣಕೂಸಿನ ತುಟಿ ಹೋಗಿ ನೋಡ್ರಿ. ತಾವು ಹಡದಿದ್ರ ಗೊತ್ತಾಗ್ತಿತ್ತು.’

ಸವತೆಕಾಯಿಯ ವಿಷಯ ನಾನು ಎಲ್ಲೂ ಬರೆದಿರಲಿಲ್ಲ. ಅದು ಗೊತ್ತಿದ್ದದ್ದು ಹಿತ್ತಲಲ್ಲಿ ಇದ್ದವರಿಗೆ, ಮತ್ತು ಅವರು ಹೇಳಿದ್ದರೆ ಕೆರೂರಿನ ಮನೆಗೆ. ಸಂಜೆಯೊಳಗೆ ಕಮೆಂಟುಗಳು ತುಂಬಿ ಹೋದವು. ನಾನು ಎರಡನೇ ತಿಂಗಳಿನ ಲೆಕ್ಕ ಮತ್ತೆ ಬರೆದೆ. ನಗುವ ಮುಖಗಳು ಬಿದ್ದವು. ಇಂಥವರು ಮಕ್ಕಳಿಗೆ ಕಲಿಸುತ್ತಾರಲ್ಲ ಎಂದು ಒಬ್ಬ ಬರೆದ. ಇದು ಇಂಥ ಪಕ್ಷದವರ ಸಂಸ್ಕಾರ ಎಂದು ಇನ್ನೊಬ್ಬ ಬರೆದ. ಬಾದಾಮಿಯವರು ಒಂದೇ ಸಾಲು ಬರೆದರು: ‘ಕೂಸು ಗುಣವಾಗಲಿ ಎಂದು ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ, ವಂದನೆಗಳು.’ ಅವರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ತಮ್ಮ ಎಲ್ಲವನ್ನೂ ಓದಿದ. ಹಿತ್ತಲಲ್ಲಿ ಕೂತಿದ್ದವನು, ಸವತೆಕಾಯಿಯ ಹೋಳು ತಿಂದವನು. ‘ನನ್ನ ಹೆಂಡತಿ ತಾನೇ ಹೋಗಿ ಕೂತಳು’ ಎಂದು ಒಂದು ಸಾಲು ಅಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಅವಳಂತೂ ತವರಿನಲ್ಲಿ ಕೇಳಿದವರಿಗೆ “ಅಕ್ಕಾರು ಕರದ್ರು, ಹ್ವಾದೆ” ಎಂದಳಂತೆ. ಅವಳನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಹಾಲು ಎಳೆಯಲು ಬಾರದ ಕೂಸಿಗೆ ಚಮಚದಲ್ಲಿ ತೊಟ್ಟು ತೊಟ್ಟು ಕುಡಿಸುತ್ತ, ಸುತ್ತ ಅಷ್ಟು ಜನ ಕೇಳುತ್ತಿರುವಾಗ, ಅವಳು ಬೇರೆ ಏನು ಹೇಳಬೇಕಿತ್ತು? ತಮ್ಮನನ್ನು ಮಾತ್ರ ಬೈಯುತ್ತೇನೆ, ಈಗಲೂ.

ಬೇಸಿಗೆಗೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ತೊಟ್ಟಿಲ ದಿನ ಗೊತ್ತಾದಾಗ ತಮ್ಮ ಇಳಕಲ್ಲಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದ.

“ಅಕ್ಕಾ, ಅದನ್ನ ಅಳಿಸಿಬಿಡು.”

“ಯಾವದನ್ನ?”

“ಗ್ರಹಣದ್ದು. ನೀ ಬರದದ್ದೆಲ್ಲಾ. ಅದು ಇದ್ರ ತೊಟ್ಟಲಕ ನೀ ಬರೂದು ಬ್ಯಾಡ ಅಂತಾರ ಕೆರೂರಾಗ. ಕಾಕಾನ ಮಗಳ ಕಡಿಂದ ಹೆಸರ ಇಡಸ್ತಾರಂತ.”

“ಅದರಾಗ ಸುಳ್ಳ ಏನೈತಿ ಹೇಳು.”

“ಸುಳ್ಳಂತ ಯಾರ ಅಂದ್ರು? ಖರೇನ ಇದ್ದೀತು. ಖರೇ ತಗೊಂಡು ಏನ್ ಮಾಡೂದೈತಿ ಅಕ್ಕಾ?”

ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ ಎಂದು ಬೀಗುತ್ತಿದ್ದವಳು ಎದ್ದು ಹೋಗಿ ಚಹಾಕ್ಕೆ ಇಟ್ಟೆ. ಅವನು ಚಹಾ ಕುಡಿದು ಹೋದ. ಮರುದಿನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನನ್ನ ಮಾತುಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಅಳಿಸಿದೆ. ಖಂಡಿತ ಅಳಿಸಬೇಕೇ ಎಂದು ಮೊಬೈಲು ಪ್ರತಿಸಲವೂ ಕೇಳುತ್ತಿತ್ತು. ಬೇರೆ ಯಾರೂ ಅಷ್ಟು ಮರ್ಯಾದೆಯಿಂದ ನನ್ನನ್ನು ಕೇಳಿರಲಿಲ್ಲ. ಮುಗಿಸಿ ಮೇಲಿನಿಂದ ಓದಿದರೆ ನನ್ನ ಮಾತುಗಳಷ್ಟೇ ಹೋಗಿದ್ದವು, ಉಳಿದವರ ಮಾತುಗಳೆಲ್ಲ ಇದ್ದಲ್ಲೇ ಇದ್ದವು. ಅವರೆಲ್ಲ ಯಾರೂ ಇಲ್ಲದ ಕಡೆ ನೋಡಿ ನಗುತ್ತಿದ್ದರು, ಬೈಯುತ್ತಿದ್ದರು. ಹೊಸಬರು ಓದಿದರೆ ಗೆದ್ದವರು ಯಾರು ಎಂದು ಕೇಳುವ ಹಾಗೇ ಇರಲಿಲ್ಲ.

ಕೆರೂರಿನ ಮನೆಯಲ್ಲಿ ನನಗೆ ಯಾವ ಅಗೌರವವೂ ಆಗಲಿಲ್ಲ. ಬೀಗತಿ ಕಾಲಿಗೆ ನೀರು ಕೊಟ್ಟರು. “ಬರ್ರಿ, ಬಿಸಿಲಾಗ ಬಂದೀರಿ” ಎಂದರು. ಹೋಳಿಗೆಯ ಮೇಲೆ ತುಪ್ಪ ಸಾಕು ಸಾಕೆಂದರೂ ಹಾಕಿದರು. ಪಕ್ಕದಲ್ಲಿ ಕೂತವರು ನನ್ನ ಇಳಕಲ್ ಸೀರೆಯ ಸೆರಗು ಹಿಡಿದು ನೋಡಿ ಹೊಗಳಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಉಂಡೆ. ತುಪ್ಪ ಬಡಿಸಿದ ಈ ಕೈಯೋ, ಸೆರಗು ಹಿಡಿದು ನೋಡಿದ ಆ ಕೈಯೋ, ದಾಸವಾಳ ಯಾರು? ಎಲ್ಲರ ಮೊಬೈಲುಗಳೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಬೋರಲು ಮಲಗಿದ್ದವು.

ತೊಟ್ಟಿಲಿನಲ್ಲಿ ಮಲಗಿಸಿದ ಮೇಲೆ ನಾನು ಕೂಸನ್ನು ಹತ್ತಿರದಿಂದ ನೋಡಿದೆ. ತುಟಿಯ ಮೇಲೆ ಒಂದು ತೆಳು ಗೆರೆ, ಅಷ್ಟೇ. ನನ್ನ ಮುಖ ಬಗ್ಗಿದ ಕೂಡಲೇ ನಕ್ಕಳು. ನಕ್ಕಾಗ ಗೆರೆ ಸ್ವಲ್ಪ ಎಳೆಯಿತು. ಹೆಂಗಸರು ಸುತ್ತ ನೆರೆದರು, ನನ್ನ ತಲೆಯ ಮೇಲೆ ಸೆರಗು ಎಳೆದರು. ತಮ್ಮನ ಹೆಂಡತಿ ತೊಟ್ಟಿಲಿನ ಆಚೆ ಬದಿಯಲ್ಲಿ ಹಗ್ಗ ಹಿಡಿದು ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

ಕಿವಿಗೆ ಬಾಯಿಟ್ಟು ಹೆಸರು ಹೇಳಿದೆ. ಹೇಳಿ ಏಳಬೇಕಿತ್ತು. ಏಳದೆ ಅಲ್ಲೇ, ಅದೇ ಕಿವಿಯಲ್ಲಿ, ಅಳಿಸಿದ್ದನ್ನು ಹೇಳತೊಡಗಿದೆ. ನಿನ್ನ ತುಟಿ ಗ್ರಹಣಕ್ಕ ಸೀಳಿದ್ದಲ್ಲ ಮಗಳ. ನಿಮ್ಮವ್ವನ ತಪ್ಪೂ ಇಲ್ಲ, ಸವತಿಕಾಯಿದೂ ಇಲ್ಲ. ಎರಡನೇ ತಿಂಗಳದಾಗ...

“ಹೆಸರ ಹೇಳಾಕ ಇಷ್ಟೊತ್ತೇನ್ರಿ!” ಎಂದು ಯಾರೋ ಅಂದರು. ಗುದ್ದುಗಳು ಬಿದ್ದವು. ಎಲ್ಲ ಹೂವಿನಂಥವು, ಬಳೆಯ ಸದ್ದೇ ಹೆಚ್ಚು. ಒಂದು ಮಾತ್ರ ಎರಡು ಭುಜಗಳ ನಡುವೆ, ಉಸಿರು ನಿಲ್ಲುವ ಹಾಗೆ, ಮುಷ್ಟಿ ಕಟ್ಟಿ ಬಿತ್ತು. ಹಣೆ ತೊಟ್ಟಿಲಿನ ಪಟ್ಟಿಗೆ ತಾಗಿತು. ಮಾತು ಅಲ್ಲಿಗೇ ನಿಂತಿತು.

ತಿರುಗಿ ನೋಡಿದೆ. ಕಮೆಂಟಿನಲ್ಲಾದರೆ ಒಂದು ದಾಸವಾಳವಾದರೂ ಇತ್ತು, ಬೆರಳಿಟ್ಟು ತೋರಿಸಬಹುದಿತ್ತು. ಇಲ್ಲಿ ಅಷ್ಟೂ ಜನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಸೋದರತ್ತೆ ನಗಬೇಕಾದ ಹೊತ್ತು ಅದು. ನಾನೂ ನಕ್ಕೆ.