ದೊಡ್ಡಮ್ಮನ ಮೂರನೇ ಹಾಡು

ನಮ್ಮ ದೊಡ್ಡಮ್ಮನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಏನೂ ಗೊತ್ತಿಲ್ಲ. ಅವಳ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟು, ಒಪ್ಪಿದೆ. ಎಂಬತ್ತರ ದಶಕದಲ್ಲಿ ಕಾಲೇಜು ಹುಡುಗರೆಲ್ಲ ಹುಚ್ಚೆದ್ದು ಕೇಳುತ್ತಿದ್ದ ರಾಕ್ ಆಲ್ಬಮ್ ಅದು. ಕವರಿನ ಮೇಲೆ ಹೊತ್ತಿ ಉರಿಯುವ ಲಾರಿ ಚಕ್ರ, ಅದರ ಹಿಂದೆ ಹುಟ್ಟಿದಾಗಿನಿಂದ ಕತ್ತರಿ ಕಾಣದ ತಲೆಗೂದಲಿನ ನಾಲ್ವರು ಗಂಡಸರು. ಅವರು ಏನೆಂದು ಕಿರುಚುತ್ತಿದ್ದಾರೆಂಬುದು ದೊಡ್ಡಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಅವಳು ಟೈಪಿಂಗ್ ಕಲಿಸುತ್ತಿದ್ದಳು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಹದಿನಾರು ಟೈಪ್‌ರೈಟರುಗಳು, ಹದಿನಾರು ಹುಡುಗಿಯರು. ಅವರಲ್ಲಿ ನಾನೂ ಒಬ್ಬಳು. ಬೆರಳಿಗೆ ಲಯ ಹಿಡಿಯಲೆಂದು ದೊಡ್ಡಮ್ಮ ಮರದ ಅಡಿಕೋಲಿನಿಂದ ಮೇಜು ಕುಟ್ಟುತ್ತಿದ್ದಳು. ಕುಟ್ಟಿ ಕುಟ್ಟಿ ಭುಜ ಹಿಡಿದುಕೊಂಡಿತ್ತು. ಒಂದು ದಿನ ಪಕ್ಕದ ರೇಡಿಯೊ ರಿಪೇರಿಯವನು ಯಾವುದೋ ಸ್ಪೀಕರ್ ಪರೀಕ್ಷಿಸಲು ಆ ಕ್ಯಾಸೆಟ್ ಹಾಕಿದ. ನಮಗೆ ಗೊತ್ತಾಗುವ ಮೊದಲೇ ನಮ್ಮ ಬೆರಳುಗಳು ಅದರ ಡ್ರಮ್ಮಿನ ಜೊತೆ ಓಡುತ್ತಿದ್ದವು. ದೊಡ್ಡಮ್ಮ ಅಡಿಕೋಲು ಕೆಳಗಿಟ್ಟು, ಮೆಟ್ಟಿಲಿಳಿದು ಹೋಗಿ, ಅವನನ್ನು ಕಾಡಿ ಬೇಡಿ ಆ ಕ್ಯಾಸೆಟ್ಟನ್ನೂ ಒಂದು ಹಳೆಯ ಟೇಪ್‌ರೆಕಾರ್ಡರನ್ನೂ ತಂದಳು.

ಮೊದಲ ಹಾಡು ಹೊಸಬರಿಗೆ, ನಿಮಿಷಕ್ಕೆ ಮೂವತ್ತು ಪದ. ಮೂರನೆಯದು ದೊಡ್ಡ ಪರೀಕ್ಷೆಗೆ ಕೂರುವವರಿಗೆ, ನಲವತ್ತೈದು ಪದ. ಆ ಮೂರನೇ ಹಾಡಿನಲ್ಲಿ ಒಂದು ಚೇಷ್ಟೆಯಿತ್ತು. ನಡುವೆ ಒಂದು ಕಡೆ ಇಡೀ ತಂಡ ಇದ್ದಕ್ಕಿದ್ದಂತೆ ಎರಡು ಪೆಟ್ಟಿನಷ್ಟು ಹೊತ್ತು ನಿಂತುಬಿಡುತ್ತಿತ್ತು, ಆಮೇಲೆ ಒಟ್ಟಿಗೇ ವಾದ್ಯಗಳ ಮೇಲೆ ಬೀಳುತ್ತಿತ್ತು. ನಾವೂ ಅಲ್ಲಿ ಕೈ ಎತ್ತುತ್ತಿದ್ದೆವು, ನಾವೂ ಕೀಲಿಗಳ ಮೇಲೆ ಬೀಳುತ್ತಿದ್ದೆವು.

“ಅದ್ರಲ್ಲಿ ಅಂಥದ್ದೇನಿದೆ ದೊಡ್ಡಮ್ಮ?” ಎಂದು ಒಮ್ಮೆ ಕೇಳಿದ್ದೆ.

“ಇಪ್ಪತ್ತು ವರ್ಷ ಆಫೀಸಲ್ಲಿ ಟೈಪ್ ಮಾಡಿದೀನಿ ಕಣೇ. ‘ಮೆತ್ತಗೆ ಹೊಡಿಯಮ್ಮ, ಸಾಹೇಬ್ರು ಫೋನಲ್ಲಿದ್ದಾರೆ’ ಅಂತ ಹೇಳಿ ಹೇಳೀನೇ ನನ್ನ ಮೇಜನ್ನ ಕಕ್ಕಸಿನ ಪಕ್ಕಕ್ಕೆ ತಳ್ಳಿದ್ರು. ಈ ಜಡೆಮುನಿಗಳನ್ನ ನೋಡು. ಸದ್ದು ಮಾಡೋಕೆ ಯಾರ ಅಪ್ಪಣೆನಾದ್ರೂ ಕೇಳ್ತಾರಾ?”

ಟೈಪಿಂಗ್ ಶಾಲೆಯ ಮಾಲೀಕರು ಮಾತ್ರ ಅಪ್ಪಣೆ ಕೊಡುವವರಾಗಿರಲಿಲ್ಲ. “ಏನಮ್ಮಾ ಇದು, ಟೈಪಿಂಗ್ ಕ್ಲಾಸೋ ಗೂಂಡಾಗಳ ಅಡ್ಡೆನೋ? ಹುಡುಗೀರ ಅಪ್ಪಂದಿರು ನನ್ನ ತಲೆ ತಿಂತಿದ್ದಾರೆ,” ಎಂದು ಕೂಗಾಡಿದರು.

ದೊಡ್ಡಮ್ಮ ಸೊಪ್ಪು ಹಾಕಲಿಲ್ಲ. “ಈ ಸಲ ಒಬ್ಬಳು ಫೇಲಾದ್ರೂ ನಾನೂ ಬರಲ್ಲ, ಕ್ಯಾಸೆಟ್ಟೂ ಬರಲ್ಲ. ಎಲ್ರೂ ಪಾಸಾದ್ರೆ ಈ ಮಾತು ಇಲ್ಲಿಗೇ ನಿಲ್ಲಬೇಕು.”

ಅವರು ತಕ್ಷಣ ಒಪ್ಪಿದರು. ಹಿಂದೆಲ್ಲ ಅರ್ಧದಷ್ಟು ಜನ ಪಾಸಾದರೆ ಹೆಚ್ಚು. ಮನೆಯಲ್ಲಿ ನಮ್ಮಮ್ಮ, “ಇರೋ ಕೆಲಸಕ್ಕೂ ಕಲ್ಲು ಹಾಕ್ಕೊಂಡ್ಯಲ್ಲ ಅಕ್ಕ!” ಎಂದು ಗೋಳಾಡಿದಳು. ದೊಡ್ಡಮ್ಮ ಊಟ ಮುಗಿಸಿ ಮಲಗಿದಳು.

ದೊಡ್ಡ ಪರೀಕ್ಷೆಯ ದಿನ ನಮ್ಮ ಹದಿನಾರೂ ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಗಂಟೆ ಹೊಡೆಯಿತು. ಹಾಡು ಇರಲಿಲ್ಲ, ಆದರೆ ಬೆರಳಲ್ಲಿ ಇತ್ತು. ಎರಡು ನಿಮಿಷ ಕಳೆದಿರಬೇಕು, ಹದಿನಾರು ಯಂತ್ರಗಳೂ ಒಮ್ಮೆಲೇ ನಿಂತವು. ಪರೀಕ್ಷಾಧಿಕಾರಿ ಬೆಚ್ಚಿಬಿದ್ದು ತಲೆ ಎತ್ತುವಷ್ಟರಲ್ಲಿ ಹದಿನಾರೂ ಒಮ್ಮೆಲೇ ಶುರುವಾದವು.

ಅವರು ಫಲಿತಾಂಶ ತಡೆಹಿಡಿದರು. ಯಾರೋ ಸನ್ನೆ ಮಾಡಿದ್ದಾರೆ, ಇದು ನಕಲು ಎಂದು ಬರೆದರು. ದೊಡ್ಡಮ್ಮ ಹೋಗಿ ಹಾಡಿನ ವಿಷಯ ಹೇಳಿದಳು.

“ಹಾಡು ಕೇಳಿ ಟೈಪಿಂಗ್ ಕಲಿತ್ರಾ? ನನ್ನ ಕಿವಿ ಮೇಲೆ ಹೂ ಇಡ್ತೀರಾ?”

“ಹಾಗಿದ್ರೆ ಇನ್ನೊಂದ್ಸಲ ಪರೀಕ್ಷೆ ಮಾಡಿ. ಒಬ್ಬೊಬ್ರಿಗೂ ಬೇರೆ ಬೇರೆ ಹಾಳೆ ಕೊಡಿ. ಬಾಗಿಲು ಕಿಟಕಿ ಹಾಕ್ಕೊಳ್ಳಿ. ಆಮೇಲೆ ಮಾತಾಡೋಣ.”

ಮರುಪರೀಕ್ಷೆಯ ಬೆಳಿಗ್ಗೆ ಮಾಲೀಕರು ನಮ್ಮೆದುರು ಕೈ ಮುಗಿದರು. “ಈ ಸಲ ನಡುವೆ ನಿಲ್ಲಿಸ್ಬೇಡಿ ತಾಯಂದಿರಾ. ನನ್ನ ಹೆಸರು ಹಾಳಾಗುತ್ತೆ.”

ದೊಡ್ಡಮ್ಮನ ಕಣ್ಣು ಕೆಂಪಗಾಗಿತ್ತು. “ನಿಲ್ಲಿಸ್ತೀರೋ ಬಿಡ್ತೀರೋ ನಿಮ್ಮಿಷ್ಟ,” ಎಂದಳು ನಮಗೆ. “ಆದ್ರೆ ಕಳ್ಳಿಯರ ಥರ ತಲೆ ತಗ್ಗಿಸ್ಕೊಂಡು ಕೂತ್ರೆ ಮಾತ್ರ ನಾನು ಸುಮ್ನಿರಲ್ಲ.”

ಅವಳನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದರು. ಗಂಟೆ ಹೊಡೆಯಿತು. ನಿಲ್ಲಿಸಬಾರದು ಎಂದುಕೊಂಡೇ ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ದೊಡ್ಡಮ್ಮನ ಕೆಲಸ ನಮ್ಮ ಕೈಯಲ್ಲಿತ್ತು. ಒಂದು ನಿಮಿಷ, ಎರಡು ನಿಮಿಷ. ಆ ಜಾಗ ಹತ್ತಿರ ಬಂತು. ಕಳೆದ ಸಲ ಕೈ ತಾನಾಗಿ ನಿಂತಿತ್ತು. ಈ ಸಲ ತಡೆಯಬಹುದಿತ್ತು. ನಾವು ಮಾಡಿದ್ದರಲ್ಲಿ ತಪ್ಪೇನಿತ್ತು ಎಂಬ ಸಿಟ್ಟು ಒತ್ತರಿಸಿ ಬಂದು, ನಾನೇ ಕೈ ಎತ್ತಿದೆ.

ಕೋಣೆ ನಿಶ್ಶಬ್ದವಾಯಿತು. ಒಂದು ಯಂತ್ರವೂ ಆಡುತ್ತಿರಲಿಲ್ಲ. ತಲೆಯ ಮೇಲಿನ ಫ್ಯಾನು ಕಿರ್ರೆನ್ನುವುದು ಮಾತ್ರ ಕೇಳಿಸಿತು. ಆಮೇಲೆ ಹದಿನಾರೂ ಜನ ಒಟ್ಟಿಗೇ ಕೀಲಿಗಳ ಮೇಲೆ ಬಿದ್ದೆವು, ಮೇಜುಗಳು ಅದುರಿದವು.

ಪರೀಕ್ಷಾಧಿಕಾರಿ ಸಾಲುಸಾಲಾಗಿ ನಡೆದು ಒಂದೊಂದೇ ಹಾಳೆ ಬಗ್ಗಿ ನೋಡಿದರು. ಹದಿನಾರು ಹಾಳೆಯಲ್ಲಿ ಹದಿನಾರು ಬೇರೆ ಬೇರೆ ಪತ್ರ. ಎಲ್ಲರೂ ಪಾಸು, ಎಲ್ಲರಿಗಿಂತ ನಿಧಾನದವಳದು ನಲವತ್ತಾರು ಪದ.

ಫಲಿತಾಂಶ ಬಂದ ದಿನ ಮಾಲೀಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮೂರನೇ ಹಾಡು ನಡೆಯುತ್ತಿತ್ತು. “ಆಯ್ತಮ್ಮ, ಗೆದ್ರಿ ನೀವು. ಹಾಕ್ಕೊಳ್ಳಿ, ನಾನೇನೂ ಅನ್ನಲ್ಲ. ಸದ್ದು ಮಾತ್ರ ಸ್ವಲ್ಪ ಮೆತ್ತಗೆ…”

ದೊಡ್ಡಮ್ಮ ಅವರ ಮುಖವನ್ನೇ ನೋಡುತ್ತ ಟೇಪ್‌ರೆಕಾರ್ಡರಿನ ದನಿಯ ಗುಂಡಿಗೆ ಕೈ ಹಾಕಿದಳು. ಅದನ್ನು ಕೊನೆಯವರೆಗೂ ತಿರುಗಿಸಿದಳು. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ಬಿಟ್ಟು ತಲೆ ಎತ್ತಿ ನೋಡಿದನಂತೆ.