ಲಾಡ್ಜಿನಲ್ಲಿ ಯಾರೂ ಇಳಿಯಲಿಲ್ಲ

ಮದುವೆಗೆ ಬರುವ ನೆಂಟರಿಗೆ ರೂಮು ಹಿಡಿದುಕೊಡುವುದು ನನ್ನ ಕೆಲಸ. ಮೈಸೂರು ಕಡೆಯವನಾದ ನನಗೆ ಕುಂದಾಪುರ ಹೊಸದು. ಮುಂಬೈಯಿಂದ ಬರುವ ಗಂಡಿನ ಕಡೆಯವರಿಗೆಂದು ಒಂದು ಲಾಡ್ಜಿನ ಇಡೀ ಮಹಡಿಯನ್ನೇ ಬುಕ್ ಮಾಡಲು ಹೋದಾಗ ಅಲ್ಲಿಯ ಮ್ಯಾನೇಜರು ಕೇಳಿದರು: "ಅವ್ರಿಗೆ ಊರಂಗೆ ಮನಿ ಇಲ್ಯಾ?"

ವ್ಯಾಪಾರ ಬೇಡದ ಮನುಷ್ಯ ಅಂದುಕೊಂಡೆ.

ಮದುವೆಯ ಹಿಂದಿನ ದಿನ ಮುಂಬೈ ಬಸ್ಸು ಬಂತು. ನಾನು ಕೀಗಳನ್ನು ಹಿಡಿದು ಲಾಡ್ಜಿನ ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಇಲ್ಲಿಯೇ ಸುತ್ತಮುತ್ತ ಇರುವ ಗಂಡಿನ ನೆಂಟರು, ಕೋಡಿಯ ಚಿಕ್ಕಪ್ಪ, ಯಡ್ತರೆಯ ಅತ್ತೆ, ಇನ್ನೂ ಯಾರ‍್ಯಾರೋ ರಿಕ್ಷಾ ಮಾಡಿಕೊಂಡು ಬಂದಿಳಿದರು. "ಹ್ವಾಯ್, ನಮ್ಮನಿ ಇದ್ದೂ ಲಾಡ್ಜಂಗೆ ಉಳ್ಕಂಬುದಾ? ಜನ ಎಂತ ಹೇಳ್ತ್ರ್?" ಬ್ಯಾಗುಗಳು ಬಸ್ಸಿನಿಂದ ನೇರ ರಿಕ್ಷಾ ಹತ್ತಿದವು. ಎಸಿ ಇದೆ, ಬಿಸಿನೀರಿದೆ ಎಂದು ನಾನು ಹೇಳುತ್ತಲೇ ಇದ್ದೆ. ಮದುಮಗನೂ ಹೊರಟುಹೋದ.

ಕೊನೆಗೆ ಉಳಿದ ಬೀಜಾಡಿಯ ದೊಡ್ಡಮ್ಮ ನನ್ನತ್ತ ತಿರುಗಿದರು. "ನೀವ್ ಯಾರ್ ಕಡಿಯರ್?"

"ಯಾರ ಕಡೆಯವನೂ ಅಲ್ಲಮ್ಮ. ರೂಮಿನ ವ್ಯವಸ್ಥೆ ನನ್ನದು."

"ಪಾಪ, ಇಲ್ಲ್ ನಿಮ್ಗೆ ಯಾರೂ ಇಲ್ಯಾ? ಬನ್ನಿ, ನಮ್ಮನಿಗೆ ಹೋಪ." ಮಾತು ಮುಗಿಯುವ ಮೊದಲೇ ನನ್ನ ಬ್ಯಾಗು ಅವರ ಕೈಯಲ್ಲಿತ್ತು.

ನಾನೂ ಬೀಜಾಡಿಗೆ ಹೊರಟೆನೆಂದು ಹೇಳಿ ಕೀಗಳನ್ನೆಲ್ಲ ವಾಪಸ್ ಕೊಟ್ಟೆ. ಮ್ಯಾನೇಜರ ಮುಖ ಸಪ್ಪಗಾಯಿತು. ಮಹಡಿ ಖಾಲಿ ಉಳಿಯಿತೆಂಬ ಬೇಸರವಿರಬೇಕೆಂದು, "ಬಾಡಿಗೆ ಪೂರ್ತಿ ಕೊಡುತ್ತೇವೆ ಸಾರ್" ಎಂದೆ.

"ಅದಲ್ಲ ಮಾರಾಯ್ರೆ," ಎಂದರು ಅವರು. "ನೀವ್ ಊಟಕ್ಕೆ ನಮ್ಮನಿಗೆ ಬತ್ರಿ, ಅಲ್ಲೇ ಉಳೀತ್ರಿ ಅಂದೇಳಿ ಬೆಳಿಗ್ಗೆಯೇ ಹೆಂಡ್ತಿ ಹತ್ರ ಹೇಳಿದ್ದೆ. ಮೀನ್ ಸಾರೂ ಆಯ್ತ್."