ಹಡಗಿನ ಮೇಜಿನ ಮೇಲೆ ಅಜ್ಜಿಯ ತಟ್ಟೆ

ಹೋದ ವರ್ಷ, ನನ್ನ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ, ನಾವು ಚೆನ್ನೈ ಬಂದರಿನಲ್ಲಿ ಹಡಗು ಹತ್ತಿದೆವು. ಎರಡು ರಾತ್ರಿಯ ಪ್ರಯಾಣ. ಸಮುದ್ರದೊಳಗೆ ಹೋಗಿ, ಸುತ್ತಾಡಿ, ಅದೇ ಬಂದರಿಗೆ ವಾಪಸ್. ಅಪ್ಪ ರೈಲ್ವೆಯಲ್ಲಿದ್ದಾರೆ, ಹಾಗಾಗಿ ಅಲ್ಲಿಯವರೆಗೆ ನಮ್ಮ ಮನೆಯವರು ಹಳಿ ಇಲ್ಲದೆ ಓಡುವ ಯಾವುದನ್ನೂ ನಂಬಿರಲಿಲ್ಲ. ಅಪ್ಪ, ಅಮ್ಮ, ನಾನು, ಜೊತೆಗೆ ಚೆನ್ನೈನ ಕೋಡಂಬಾಕ್ಕಂನಲ್ಲಿ ನಲವತ್ತು ವರ್ಷ ಕಳೆದರೂ ಗದಗಿನ ಮಾತು ಬಿಡದ ನಮ್ಮ ಅಜ್ಜಿ.

ಹತ್ತುವುದಕ್ಕೆ ಎರಡು ತಿಂಗಳು ಮೊದಲೇ ನಾನು ಹಡಗಿನ ತಜ್ಞನಾಗಿಬಿಟ್ಟಿದ್ದೆ. ಗಣಿತಕ್ಕಿಂತ ಹೆಚ್ಚು ಹೊತ್ತು ಹಡಗಿನ ವೀಡಿಯೊ ನೋಡಿದ್ದೆ. ಪ್ರೀಮಿಯಂ ಹಡಗು ಅಂದರೆ ಊಟಕ್ಕೆ ಗೊತ್ತುಮಾಡಿದ ಹೊತ್ತು, ಗೊತ್ತುಮಾಡಿದ ಮೇಜು, ಬಫೆಯಲ್ಲಿ ಸಾಲು. ಲಕ್ಷುರಿ ಹಡಗು ಅಂದರೆ ಹಸಿವಾದಾಗ ಊಟ, ಇಷ್ಟವಾದ ಕಡೆ ಮೇಜು. ಎರಡನೇ ದಿನಕ್ಕೆ ವೇಟರ್‌ಗೆ ನಿಮ್ಮ ಹೆಸರು ಗೊತ್ತಿರುತ್ತದೆ, ನಿನ್ನೆ ತಟ್ಟೆಯಲ್ಲಿ ಏನು ಬಿಟ್ಟಿರಿ ಎಂಬುದೂ ಗೊತ್ತಿರುತ್ತದೆ. ನೀವು ಕೇಳುವ ಮೊದಲೇ ಬೇಕಾದ್ದು ಎದುರಿಗೆ ಬಂದು ಕೂರುತ್ತದೆ. ಇದನ್ನೆಲ್ಲ ಅಜ್ಜಿಗೆ ವಿವರಿಸಿದೆ.

"ನಿಮ್ಮಪ್ಪಗ ನಲವತ್ತೈದು ವರ್ಷದಿಂದ ನಾ ಅದನ್ನ ಮಾಡಾಕತ್ತೀನಿ," ಎಂದಳು ಅಜ್ಜಿ. "ನನಗ ಯಾರೂ ಲಕ್ಷುರಿ ಅನ್ನಲಿಲ್ಲ."

ನಮ್ಮದು ಪ್ರೀಮಿಯಂ ಹಡಗು. ಸಂಜೆ ಅದು ಹೊರಟದ್ದೇ ನನಗೆ ಗೊತ್ತಾಗಲಿಲ್ಲ. ನಾವು ನಿಂತಲ್ಲೇ ನಿಂತಿದ್ದೆವು, ಊರೇ ಮೆಲ್ಲಗೆ ಹಿಂದೆ ಸರಿಯಿತು. ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳು ಊದುಬತ್ತಿಗಳಷ್ಟು ತೆಳ್ಳಗಾಗಿ ಹೊಗೆಯಾಡಿದವು, ಕೊನೆಗೆ ಆ ಹೊಗೆಯೂ ಬಾನಿನೊಳಗೆ ಬೆರೆತುಹೋಯಿತು. ಸಮುದ್ರ ಇಸ್ತ್ರಿ ಹಾಕಿದ ರೇಷ್ಮೆಯ ಹಾಗಿತ್ತು. ಅಜ್ಜಿ ಕಂಬಿ ಹಿಡಿದು, ಯಾರೋ ಜೋಗುಳ ಹಾಡುತ್ತಿದ್ದಾರೇನೋ ಎಂಬಂತೆ ತೂಗುತ್ತಾ ನಿಂತಿದ್ದಳು.

ಅಲ್ಲೇ ರೋಹನ್ ಸಿಕ್ಕ. ಚೆನ್ನೈನ ಅಡ್ಯಾರ್‌ನವನು, ನನ್ನದೇ ವಯಸ್ಸು. ನಿಜವಾಗಿಯೂ ಲಕ್ಷುರಿ ಹಡಗಿನಲ್ಲಿ ಯುರೋಪ್ ಸುತ್ತಿ ಬಂದವನು. ಅವನೆದುರು ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಇದು ನನಗೆ ನಾಲ್ಕನೇ ಹಡಗು" ಎಂದುಬಿಟ್ಟೆ. ಮೊದಲಿನ ಮೂರೂ ಫೋನಿನೊಳಗೆ ತೇಲಿದ್ದವು ಎಂದು ಹೇಳಲಿಲ್ಲ.

"ಅಪ್ಪಡಿಯಾ? ಹಾಗಾದ್ರೆ ಡಿನ್ನರ್‌ಗೆ ನಮ್ಮ ಟೇಬಲ್‌ಗೆ ಬಾ ಡಾ. ಕಂಪೇರ್ ಮಾಡೋಣ," ಎಂದ.

ಅವರ ಮೇಜು ನಮ್ಮ ಮೇಜಿನ ಪಕ್ಕದಲ್ಲೇ ಇತ್ತು, ಒಂದು ಕುರ್ಚಿ ಖಾಲಿ. ಹೋಗಿ ಕೂತೆ. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ನನ್ನ ಅರ್ಧ ಎತ್ತರ ಅದರಲ್ಲೇ ಮುಳುಗಿತು. ತೊಡೆಯ ಮೇಲೆ ಹಾಸಿದ ಬಟ್ಟೆಯನ್ನು ಅಪ್ಪ ಪಂಚೆಯಾಗಿ ಉಡಬಹುದಿತ್ತು. ಎರಡೂ ಮೇಜಿಗೆ ಬಡಿಸುತ್ತಿದ್ದವರು ಸೆಲ್ವಂ, ನಾಗರ್‌ಕೋಯಿಲ್ ಕಡೆಯವರು, ಐವತ್ತರ ಆಸುಪಾಸು. ನಾನು ಅವರನ್ನು ತೋರಿಸಿ, "ಇವರೊಬ್ಬರೇ ಇಪ್ಪತ್ತು ಜನಕ್ಕೆ ಬಡಿಸಬೇಕು. ಲಕ್ಷುರಿಯಲ್ಲಿ ಹೀಗಿರಲ್ಲ," ಎಂದು ಅನುಭವಿಯ ಹಾಗೆ ನಿಟ್ಟುಸಿರು ಬಿಟ್ಟೆ. ರೋಹನ್ ಹೌದೆಂದು ತಲೆಯಾಡಿಸಿದ. ನನಗೆ ಆ ಕ್ಷಣ ಹಡಗೇ ನನ್ನದು ಅನ್ನಿಸಿತು.

ಆಗ ಅಜ್ಜಿಯ ಊಟ ಮುಗಿಯಿತು. ನಮ್ಮ ಮನೆಯಲ್ಲಿ ಊಟ ಅಂದರೆ ಪ್ರಸಾದ, ಒಂದು ಅಗುಳೂ ಹಾಳಾಗಬಾರದು. ಕೊನೆಗೆ ಅಜ್ಜಿ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತಾಳೆ. ಮನೆಯಲ್ಲಿ ಅಂಚಿರುವ ಸ್ಟೀಲ್ ತಟ್ಟೆ. ಹಡಗಿನದು ಸಪಾಟಾದ ಪಿಂಗಾಣಿ. ಎತ್ತಿದ್ದೇ ತಡ, ಹಳದಿ ನೀರು ಬೆಳ್ಳನೆಯ ಮೇಜುಬಟ್ಟೆಯ ಮೇಲೆಲ್ಲ ಹರಿಯಿತು. ಸುತ್ತಲಿನ ನಾಲ್ಕು ಮೇಜಿನವರು ತಿರುಗಿ ನೋಡಿದರು.

"ಐಯೋ, ಆ ಪಾಟಿ ತಟ್ಟೆ ತೊಳೆದ ನೀರು ಕುಡೀತಿದಾರೆ ಡಾ," ಎಂದ ರೋಹನ್, ಅಜ್ಜಿಯತ್ತ ನೋಡಿ. "ನಿನಗೆ ಗೊತ್ತಾ ಅವರು?"

"ನಮ್ಮ ಫ್ಲಾಟಿನವರು," ಎಂದೆ, ಯಾರೋ ನೆರೆಮನೆಯವರ ಬಗ್ಗೆ ಹೇಳುವ ಹಾಗೆ.

ನನ್ನ ಲೋಟಕ್ಕೆ ನೀರು ಹಾಕುತ್ತಿದ್ದ ಸೆಲ್ವಂ ಒಂದು ಗಳಿಗೆ ನಿಂತು, ಮತ್ತೆ ಹಾಕಿದರು. ಅಜ್ಜಿ ಸೆರಗಿನಿಂದ ಮೇಜು ಒರೆಸುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಬಂದ ಐಸ್‌ಕ್ರೀಮನ್ನು ಚಮಚದಿಂದ ಕಲಸಿ ಕಲಸಿ ಪಾಯಸ ಮಾಡಿದೆ.

ಮಾರನೇ ದಿನವಿಡೀ ಎತ್ತ ನೋಡಿದರೂ ನೀರು, ಬೆಳಕು. ಸಂಜೆ ಊಟದ ಹೊತ್ತಿಗೆ ಅಜ್ಜಿ "ನನಗ ಹಸಿವಿಲ್ಲ, ನೀವು ಹೋಗ್ರಿ," ಎಂದಳು. ಅಮ್ಮ ಒತ್ತಾಯ ಮಾಡಿ ಕರೆತಂದರು. ನಾನು ಮತ್ತೆ ರೋಹನ್ ಪಕ್ಕ ಕೂತೆ. ಎದ್ದು ಹೋಗುವ ಧೈರ್ಯ ಬರಲಿಲ್ಲ.

ಸೆಲ್ವಂ ಎಲ್ಲರಿಗೂ ಸಪಾಟು ತಟ್ಟೆ ಇಟ್ಟು, ಅಜ್ಜಿಗೆ ಮಾತ್ರ ಆಳವಾದ, ಅಂಚು ಎತ್ತರದ ತಟ್ಟೆ ತಂದರು. "ನೇತ್ತು... ನಿನ್ನೆ ತಟ್ಟೆ ಸರಿ ಇರಲಿಲ್ಲಮ್ಮಾ. ತಪ್ಪು ನಮ್ಮದು," ಎಂದರು. ಊಟ ಮುಗಿಯುವ ಹೊತ್ತಿಗೆ ಯಾರೂ ಕೇಳದೆಯೇ ಒಂದು ಪುಟ್ಟ ಜಗ್ ಬಂತು, ಉಗುರುಬೆಚ್ಚಗಿನ ನೀರು. ಅದನ್ನು ಇಟ್ಟು ಅವರು ಹೋಗಲಿಲ್ಲ. ದೊಡ್ಡ ಟ್ರೇಯನ್ನು ಎದೆಗೆ ಹಿಡಿದು, ಅಜ್ಜಿಗೆ ಬೆನ್ನು ತಿರುಗಿಸಿ, ಹಾಲ್‌ಗೆ ಅಡ್ಡವಾಗಿ ನಿಂತರು. ಯಾರ ಕಣ್ಣೂ ಆಚೆ ದಾಟಲಿಲ್ಲ. ಪಕ್ಕದಲ್ಲಿದ್ದ ನಮಗಷ್ಟೇ ಕಾಣುತ್ತಿತ್ತು. ಕಿಟಕಿಯಲ್ಲಿ ಸೂರ್ಯ ಮುಳುಗುತ್ತಿದ್ದ. ಆ ಕೆಂಪು ಬೆಳಕಿನಲ್ಲಿ ಅಜ್ಜಿ ನಿಧಾನವಾಗಿ, ಮನೆಯಲ್ಲಿ ಕುಡಿದಂತೆ ಕುಡಿದಳು.

ರೋಹನ್ ಚಮಚ ಕೆಳಗಿಟ್ಟ. "ನಮ್ಮ ಹಡಗಿನಲ್ಲಿ ಇದನ್ನ ಯಾರೂ ಮಾಡಿರಲಿಲ್ಲ," ಎಂದ.

"ಅವರು ನಮ್ಮ ಅಜ್ಜಿ," ಎಂದೆ. "ಇದು ನನ್ನ ಮೊದಲನೇ ಹಡಗು."

ಎದ್ದು ಹೋಗಿ ಅಜ್ಜಿಯ ಪಕ್ಕ ಕೂತೆ. ಸೆಲ್ವಂ ನಮ್ಮಿಬ್ಬರನ್ನೂ ನೋಡಿದರು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ತನ್ನ ಅರ್ಧ ತಮಿಳು, ಅರ್ಧ ಗದಗಿನಲ್ಲಿ ಹೇಳಿದಳು: "ಇಂವ ನಮ್ಮ ಫ್ಲಾಟಿನ ಹುಡುಗ. ಪಾವಂ, ಇವರ ಮನ್ಯಾಗ ಅಜ್ಜಿ ಇಲ್ಲ. ಇಂವಗೊಂದು ಐಸ್‌ಕ್ರೀಮ್ ಕೊಡ್ರಿ."

ಸೆಲ್ವಂ ನಗದೆ ತಂದುಕೊಟ್ಟರು. ತಿಂದು ಮುಗಿಸಿ, ಜಗ್‌ನಲ್ಲಿ ಉಳಿದಿದ್ದ ನೀರನ್ನು ಬಟ್ಟಲಿಗೆ ಹಾಕಿ, ತೊಳೆದು, ಎಲ್ಲರೂ ನೋಡುತ್ತಿರುವಾಗಲೇ ಕುಡಿದೆ. ಸ್ಟ್ರಾಬೆರಿ ನೀರು ಅಷ್ಟೇನೂ ಚೆನ್ನಾಗಿರುವುದಿಲ್ಲ.

ಈಗಲೂ ಗೆಳೆಯರು ಪ್ರೀಮಿಯಂಗೂ ಲಕ್ಷುರಿಗೂ ಏನು ವ್ಯತ್ಯಾಸ ಎಂದು ಕೇಳುತ್ತಾರೆ. ಮೊದಲಾದರೆ ಒಂದು ಗಂಟೆ ಮಾತಾಡುತ್ತಿದ್ದೆ. ಈಗ ಬಾಯಿ ತೆರೆದರೆ ಕೆಂಪು ಬೆಳಕಿನಲ್ಲಿ ಟ್ರೇ ಹಿಡಿದು ನಿಂತ ಆ ಬೆನ್ನು ಕಾಣುತ್ತದೆ. ಮನೆಗೆ ಯಾರಾದರೂ ಬಂದಾಗ ಅಜ್ಜಿ ಮಾತ್ರ ಇವತ್ತಿಗೂ ನನ್ನನ್ನು ತೋರಿಸಿ, "ಇಂವ ನಮ್ಮ ಫ್ಲಾಟಿನ ಹುಡುಗ," ಎಂದೇ ಪರಿಚಯ ಮಾಡಿಸುತ್ತಾಳೆ. ನಾನು ಹೌದೆಂದು ತಲೆಯಾಡಿಸಿ, ಅವಳ ಪಕ್ಕದಲ್ಲೇ ಹೋಗಿ ಕೂರುತ್ತೇನೆ.